ಹಿಮ ಗಟ್ಟಿಯಾಗುವ ಹೊತ್ತು ನೋಡಿ ಹೊರಡಿ

ಏಪ್ರಿಲ್ ಕೊನೆಯ ಹೊತ್ತಿಗೆ ಹಿಮಾಚಲದ ಕಾಂಗಡಾ ಕಣಿವೆಯಲ್ಲಿ ಗೋಧಿ ಕೊಯ್ಲು ನಡೆದಿರುತ್ತದೆ. ಗದ್ದೆಯಲ್ಲಿ ನಿಂತವರ ಬೆನ್ನು ಬೆವರುತ್ತಿದ್ದರೂ, ತಲೆಯೆತ್ತಿದರೆ ಕಾಣುವ ಧೌಲಾಧಾರ್ ಸಾಲು ಇನ್ನೂ ಬೆಳ್ಳಗೇ ಇರುತ್ತದೆ. ಆ ಸಾಲಿನ ದಕ್ಷಿಣದ ಮಡಿಲಲ್ಲಿ, 2,934 ಮೀಟರ್ ಎತ್ತರದಲ್ಲಿದೆ ಕರೇರಿ ಸರೋವರ. ಡಿಸೆಂಬರ್‌ನಲ್ಲಿ ಹೆಪ್ಪುಗಟ್ಟುವ ಅದರ ನೀರು ಬಿಡಿಸಿಕೊಳ್ಳುವುದು ಮಾರ್ಚ್-ಏಪ್ರಿಲ್‌ಗೆ. ಕರೇರಿ ಹಳ್ಳಿಯಿಂದ ಹೊರಟು, ಒಂದು ರಾತ್ರಿ ದಾರಿಯಲ್ಲಿ ಕಳೆದು ಬರಬಹುದಾದ ಈ ಚಾರಣಕ್ಕೆ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದಲೂ ಜನ ಹೋಗುತ್ತಾರೆ. ಋತು ಆಗಷ್ಟೇ ಶುರುವಾಗುವ ಆ ದಿನಗಳಲ್ಲಿ ಯೋಜನೆಯ ಮುಖ್ಯ ಪ್ರಶ್ನೆ ದಾರಿ ಎಷ್ಟು ಉದ್ದ ಎಂಬುದಲ್ಲ, ರಾತ್ರಿ ಎಲ್ಲಿ ತಂಗಬೇಕು ಎಂಬುದು.

ಕೆಳಗೆ ಅಷ್ಟು ಸೆಕೆ ಇದ್ದರೂ ಮೇಲೆ ಹಿಮ ಏಕೆ ಉಳಿಯುತ್ತದೆ? ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಕೆಳಗಿನ ಧರ್ಮಶಾಲಾ ಪಟ್ಟಣದಲ್ಲಿ 28 ಡಿಗ್ರಿ ಇದ್ದಾಗ ಕರೇರಿಯಲ್ಲಿ 18ರ ಆಸುಪಾಸು. ಅದೇನೂ ಹಿಮ ಉಳಿಯುವ ಚಳಿಯಲ್ಲ. ಹಿಮವನ್ನು ಕಾಯುವುದು ಗುಪ್ತೋಷ್ಣ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಆ ನೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು. ಸಾಲದ್ದಕ್ಕೆ, ಹೊಸ ಹಿಮ ಬಿಸಿಲಿನ ಶೇ 80ಕ್ಕೂ ಹೆಚ್ಚು ಭಾಗವನ್ನು ವಾಪಸು ಎರಚುತ್ತದೆ. ಅದಕ್ಕೇ ಅಲ್ಲಿ ಕಪ್ಪು ಕನ್ನಡಕ ಶೋಕಿಯಲ್ಲ, ಕಣ್ಣಿನ ರಕ್ಷಣೆ.

ಹೀಗೆ ನಿಧಾನಕ್ಕೆ ಕರಗುವ ಹಿಮ ದಿನಕ್ಕೆರಡು ಬಾರಿ ಸ್ವಭಾವ ಬದಲಿಸುತ್ತದೆ. ಶುಭ್ರ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಅವಗೆಂಪು ಕಿರಣಗಳಾಗಿ ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೈ ಸೊನ್ನೆಗಿಂತ ಕೆಳಗಿಳಿದು, ಹಗಲು ಕರಗಿದ ನೀರು ಮತ್ತೆ ಗಡ್ಡೆಯಾಗುತ್ತದೆ. ಬೆಳಗಿನ ಐದೂವರೆಗೆ ಬೂಟಿನ ಹಿಮ್ಮಡಿ ಊರಿದರೆ ಕರಕರ ಸದ್ದು ಬರುತ್ತದೆ, ಗುರುತು ಅರ್ಧ ಅಂಗುಲವೂ ಮೂಡುವುದಿಲ್ಲ. ಹನ್ನೊಂದು ಗಂಟೆಗೆ ಅದೇ ಜಾಗದಲ್ಲಿ ಕಾಲು ಮೊಣಕಾಲಿನವರೆಗೆ ಹೂತುಹೋಗಬಹುದು. ಬಂಡೆಗಳ ಪಕ್ಕದಲ್ಲಂತೂ ಇನ್ನೂ ಮೋಸ. ಕಪ್ಪು ಕಲ್ಲು ಬಿಸಿಲು ಕುಡಿದು ಸುತ್ತಲಿನ ಹಿಮವನ್ನು ಒಳಗಿನಿಂದಲೇ ಕರಗಿಸಿರುತ್ತದೆ. ಮೇಲೆ ನೋಡಲು ನೆಲದಂತಿರುವ ಕಡೆ ಅಡಿಯಲ್ಲಿ ಟೊಳ್ಳು. ಅಲ್ಲಿ ಹೆಜ್ಜೆಯಿಟ್ಟವರ ಮೊಣಕಾಲು ತಿರುಚುವುದು ಅಪರೂಪವೇನಲ್ಲ.

ಹಳ್ಳದ ನೀರೂ ಇದೇ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಕರೇರಿಯಿಂದ ಹೊರಬೀಳುವ ನ್ಯೂಂಡ್ ತೊರೆ ಹಿಮ ಕರಗಿಯೇ ಹರಿಯುವಂಥದ್ದು. ಇಂಥ ತೊರೆಗಳಲ್ಲಿ ಮುಂಜಾನೆ ನೀರು ಕಡಿಮೆ. ಮಧ್ಯಾಹ್ನದ ನಂತರ ಏರುತ್ತ ಸಂಜೆಗೆ ತುಂಬಿ ಹರಿಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬೀಳುವ ಒತ್ತಡ ನಾಲ್ಕು ಪಟ್ಟು. ತೊರೆಯ ಮೇಲೆ ಕಮಾನಿನಂತೆ ಉಳಿದ ಹಿಮಸೇತುವೆಯನ್ನು ಕೆಳಗಿನಿಂದ ನೀರು, ಮೇಲಿನಿಂದ ಬಿಸಿಲು ತೆಳುವಾಗಿಸುತ್ತಿರುತ್ತವೆ. ಕಡಿದಾದ ಇಳಿಜಾರಿನಲ್ಲಿ ತೊಯ್ದ ಹಿಮ ಜಾರುವುದೂ ಹೆಚ್ಚಾಗಿ ಹೊತ್ತೇರಿದ ಮೇಲೆಯೇ.

ಈಗ ಸಾಮಾನ್ಯ ಯೋಜನೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಬೆಳಿಗ್ಗೆ ಹಳ್ಳಿಯಿಂದ ಹೊರಟು, ಮಧ್ಯಾಹ್ನ ಎರಡು-ಮೂರಕ್ಕೆ ಕೆರೆ ತಲುಪಿ, ದಂಡೆಯಲ್ಲಿ ಟೆಂಟ್ ಹಾಕುವುದು ವಾಡಿಕೆ. ಅಂದರೆ ಹಿಮ ಅತಿ ಮೆತ್ತಗಿರುವಾಗ, ತೊರೆ ಏರುತ್ತಿರುವಾಗ, ಗುಡುಗು-ಆಲಿಕಲ್ಲು ಬೀಳುವ ಹೊತ್ತಿನಲ್ಲಿ ದಾರಿಯ ಅತಿ ಕಷ್ಟದ ಭಾಗ ದಾಟುವುದು! ಕಣಿವೆಯಿಂದ ಗೋಡೆಯಂತೆ ಎದ್ದ ಧೌಲಾಧಾರ್‌ಗೆ ತಾಕಿ ಮೇಲೇರುವ ತೇವದ ಗಾಳಿ ಮಧ್ಯಾಹ್ನದ ನಂತರ ಮೋಡವಾಗುವುದು ಅಲ್ಲಿ ಮಾಮೂಲು.

ಇದಕ್ಕಿಂತ ಹಿಮರೇಖೆಯ ಕೆಳಗೆ, ಒಣ ನೆಲದಲ್ಲಿ, ಕಷ್ಟದ ತೊರೆಗಳಿಗಿಂತ ಮೊದಲೇ ತಂಗುವುದು ಮೇಲು. ಹಿಮ ಗಟ್ಟಿಯಾಗುವ ಕೆಲಸವನ್ನು ರಾತ್ರಿ ಮಾಡಿಕೊಡುತ್ತದೆ. ನಸುಕಿನಲ್ಲಿ ಹಗುರ ಚೀಲದೊಂದಿಗೆ ಕೆರೆಗೆ ಹೋಗಿ, ಹತ್ತರೊಳಗೆ ಹಿಮ ದಾಟಿ ಕೆಳಗಿರಬೇಕು. ನಿದ್ದೆಗೂ ಇದೇ ಅನುಕೂಲ. ತಣ್ಣನೆಯ ಭಾರದ ಗಾಳಿ ರಾತ್ರಿ ಇಳಿದು ಕೆರೆಯ ಬೋಗುಣಿಯಲ್ಲೇ ನಿಲ್ಲುತ್ತದೆ. ಜೊತೆಗೆ, 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಕಾಣಿಸಿಕೊಳ್ಳುವವರಿಗೆ ಕೆಳಗಿನ ರಾತ್ರಿ ಕ್ಷೇಮ.

ಆದರೆ ನಸುಕಿಗೆ ಏಳುವಾಗ ನಕ್ಷತ್ರ ಕಾಣಬೇಕು. ರಾತ್ರಿಯೆಲ್ಲ ಮೋಡ ಕವಿದಿದ್ದರೆ ಶಾಖ ಆಕಾಶಕ್ಕೆ ಹೋಗದೆ ಹಿಮ ಹೆಪ್ಪುಗಟ್ಟಿರುವುದಿಲ್ಲ. ಆಗ ಬೇಗ ಎದ್ದೂ ಲಾಭವಿಲ್ಲ, ಕೆರೆಯ ಆಸೆ ಬಿಡುವುದೇ ಸರಿ.

ಕೆರೆಯ ಮೇಲೆ ಗಡ್ಡೆ ಉಳಿದಿದ್ದರೆ ಕಾಲಿಡಬೇಡಿ. ವಸಂತದ ಗಡ್ಡೆಯೊಳಗೆ ಹರಳುಗಳ ಸಂದಿನಲ್ಲೇ ಕರಗುವಿಕೆ ನಡೆದು, ಅದು ನಿಂತ ಸರಳುಗಳ ಕಟ್ಟಿನಂತಾಗಿರುತ್ತದೆ. ದಪ್ಪ ಇದ್ದರೂ ಬಲವಿಲ್ಲ. ಕೆಳಗಿನ ನೀರಿಗೆ ಬಿದ್ದ ಕ್ಷಣ ಉಸಿರು ತಾನೇ ತಾನಾಗಿ ಎಳೆದುಕೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ.

ಒದ್ದೆಯಾಗಲು ನೀರಿಗೇ ಬೀಳಬೇಕಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರ ತಾಲ್ ಸರೋವರಗಳಿಗೆ ಹೋಗಿದ್ದ, ಬಹುಪಾಲು ಕರ್ನಾಟಕದವರಿದ್ದ 22 ಜನರ ತಂಡ ಹಿಮಬಿರುಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ನಾಲ್ಕು ಸಾವಿರ ಮೀಟರ್ ಮೇಲೆ ಜೂನ್ ಕೂಡ ಋತುವಿನ ಆರಂಭವೇ. ದೇಹದೊಳಗಿನ ತಾಪಮಾನ 35 ಡಿಗ್ರಿಗಿಂತ ಇಳಿದರೆ ಲಘೂಷ್ಣತೆ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಹೆಜ್ಜೆ ತಪ್ಪುವುದು. ಗುಂಡಿ ಹಾಕಿಕೊಳ್ಳಲು ಬೆರಳು ಒಪ್ಪದವರನ್ನು ತಕ್ಷಣ ಗಾಳಿಯಿಂದ ಮರೆಮಾಡಿ ಒಣ ಬಟ್ಟೆ ತೊಡಿಸಬೇಕು. ಬೆವರು ಹಿಡಿದಿಟ್ಟುಕೊಳ್ಳುವ ಹತ್ತಿ ಬಟ್ಟೆ ಅಲ್ಲಿ ಶತ್ರು; ಉಣ್ಣೆ, ಸಿಂಥೆಟಿಕ್ ವಾಸಿ.

ಮನೆಯಲ್ಲೇ ಮಾಡಬಹುದಾದ ಕೆಲಸ ಬಹಳಿದೆ. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಕೆಲವು ದಿನಗಳಿಗೊಮ್ಮೆ ಉಚಿತವಾಗಿ ಸಿಗುತ್ತವೆ, 10 ಮೀಟರ್‌ನಷ್ಟು ಸೂಕ್ಷ್ಮವಾಗಿ. ಬಿಳಿ ಕಂಡದ್ದು ಹಿಮವೋ ಮೋಡವೋ ಎಂಬ ಅನುಮಾನ ಬಂದರೆ ಕಿರುತರಂಗದ ಅವಗೆಂಪು ಚಿತ್ರ ನೋಡಿ: ಹಿಮ ಕಪ್ಪಾಗುತ್ತದೆ, ನೀರ್ಹನಿಗಳ ಮೋಡ ಬೆಳ್ಳಗೇ ಉಳಿಯುತ್ತದೆ. ಹೋದ ವಾರ ಹಿಮರೇಖೆ ಎಲ್ಲಿತ್ತು ಎಂದು ತಿಳಿದರೆ ತಂಗುವ ಜಾಗವೂ ತಿಳಿದಂತೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದಿದ್ದರೆ, ಮೆಡಿಟರೇನಿಯನ್ ಕಡೆಯಿಂದ ಮಳೆ-ಹಿಮ ಹೊತ್ತ ವ್ಯವಸ್ಥೆ ಬರುತ್ತಿದೆ ಎಂದರ್ಥ. ದಿನಾಂಕ ಮುಂದೂಡಿ.

ಅನುಮತಿಯಿಲ್ಲದೆ ಉಪಗ್ರಹ ಫೋನ್ ಒಯ್ಯುವುದು ಭಾರತದಲ್ಲಿ ಅಪರಾಧ. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಹಾಗಾಗಿ ದಾರಿ, ತಂಗುವ ಜಾಗ, ವಾಪಸು ತಿರುಗುವ ಗಂಟೆ, ಕಾಂಗಡಾ ಜಿಲ್ಲಾ ವಿಪತ್ತು ನಿರ್ವಹಣಾ ಕೇಂದ್ರದ ನಂಬರ್ ಇಷ್ಟನ್ನೂ ಬರೆದು ಮನೆಯಲ್ಲೊಬ್ಬರ ಕೈಗೆ ಕೊಡಿ. ಏಕೆಂದರೆ ಬೆಂಗಳೂರಿನಿಂದ ತುರ್ತು ಸಂಖ್ಯೆ 112 ಒತ್ತಿದರೆ ಕರೆ ಹೋಗುವುದು ಕರ್ನಾಟಕದ ಕೇಂದ್ರಕ್ಕೆ. ವಾಪಸು ತಿರುಗುವ ಗಂಟೆಯನ್ನು ಹೊರಡುವ ಮೊದಲೇ ಗೊತ್ತುಮಾಡಿ. ಕೆರೆ ಕಣ್ಣೆದುರು ಕಂಡ ಮೇಲೆ ಆ ಗಂಟೆಯನ್ನು ಯಾರೂ ಸರಿಯಾಗಿ ಗೊತ್ತುಮಾಡುವುದಿಲ್ಲ.