ಡಬ್ಬಿಯ ಸಪ್ಪಳ

ಎಚ್‌ಐವಿಗೆ ಸರ್ಕಾರ ಕೊಡುವ ಗುಳಿಗೆ ಬರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಂದು ಡಬ್ಬಿಯಲ್ಲಿ 30 ಗುಳಿಗೆ, ತಿಂಗಳಿಗೆ ಸರಿಹೋಗುತ್ತದೆ. ಸ್ವಲ್ಪ ಅಲುಗಿದರೂ ಗಲಗಲ ಅನ್ನುತ್ತದೆ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ರಕ್ತ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಕೋಣೆಯಲ್ಲಿ, ನಾನು ಸಮಾಲೋಚಕಿ. ನಮ್ಮಲ್ಲಿಗೆ ಬರುವವರಿಗೆ ಈಗ ರೋಗಕ್ಕಿಂತ ದೊಡ್ಡ ತಲೆನೋವು ಈ ಗಲಗಲ.

“ಅಕ್ಕಾರ, ಬಸ್ಸಿನ್ಯಾಗ ಬ್ಯಾಗ್ ಅಳ್ಳಾಡಿದ್ರ ಸಪ್ಪಳ ಆಗ್ತೈತ್ರಿ. ಬಾಜೂಕ ಕುಂತಾಕಿ ಏನವ್ವಾ ಅದು ಅಂತ ಕೇಳ್ತಾಳ,” ಎಂದರು ಒಬ್ಬ ಹೆಣ್ಣುಮಗಳು. ಆಕೆ ಗುಳಿಗೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು, ಖಾಲಿ ಡಬ್ಬಿಯನ್ನು ನಮ್ಮ ಕಸದ ಬುಟ್ಟಿಗೇ ಹಾಕಿ ಹೋಗುತ್ತಿದ್ದರು. ತೇವ ತಾಗಿದರೆ ಗುಳಿಗೆ ಕೆಡುತ್ತದೆ ಎಂದು ಎಷ್ಟು ಹೇಳಿದರೂ ಕೇಳುವವರಲ್ಲ. ಕೊನೆಗೆ ಡಬ್ಬಿಯೊಳಗೆ ಒಣ ಹತ್ತಿ ತುರುಕಿ ತೋರಿಸಿದೆ. ಅಲ್ಲಾಡಿಸಿ ನೋಡಿದರು, ಸಪ್ಪಳವಿಲ್ಲ. ಈಗ ಡಬ್ಬಿಯನ್ನೇ ಒಯ್ಯುತ್ತಾರೆ, ಲೇಬಲ್ ಮಾತ್ರ ಇಲ್ಲೇ ಕಿತ್ತು ಹಾಕುತ್ತಾರೆ. ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಪಕ್ಕದ ಜಿಲ್ಲೆಯಿಂದ ಎರಡು ಬಸ್ ಬದಲಿಸಿ ನಮ್ಮಲ್ಲಿಗೆ ಬರುವವರಿದ್ದಾರೆ. ನಮ್ಮ ಊರಿನವರು ಅಷ್ಟೇ ದೂರ ಆ ಕಡೆ ಹೋಗುತ್ತಾರೆ. ಬಸ್ಸಿನವರಿಗೆ ಲಾಭ, ಇವರಿಗೆ ಒಂದು ದಿನದ ಕೂಲಿ ಖೋತಾ.

ಆ ಗುಳಿಗೆಯಲ್ಲಿರುವುದು ಮೂರು ಔಷಧಿ: ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಎಚ್‌ಐವಿ ವೈರಸ್ ನಮ್ಮ ರಕ್ತದ ಸಿಡಿ4 ಎಂಬ ಬಿಳಿ ಕಣಗಳೊಳಗೆ ಹೊಕ್ಕು, ಅವನ್ನೇ ಜೆರಾಕ್ಸ್ ಅಂಗಡಿ ಮಾಡಿಕೊಂಡು ತನ್ನ ಪ್ರತಿಗಳನ್ನು ತೆಗೆಯುತ್ತದೆ. ಮೊದಲೆರಡು ಔಷಧಿ ಪ್ರತಿ ತೆಗೆಯಲು ಬಿಡುವುದಿಲ್ಲ. ಮೂರನೆಯದು ಆ ಪ್ರತಿ ಕಣದ ಕಡತದೊಳಗೆ ಸೇರಲು ಬಿಡುವುದಿಲ್ಲ. ತಪ್ಪದೆ ನುಂಗಿದರೆ ಕೆಲವು ತಿಂಗಳಲ್ಲೇ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಸತ್ತೇಹೋಯಿತು ಎಂದಲ್ಲ, ಒಳಗೆಲ್ಲೋ ಅಡಗಿ ಕೂತಿರುತ್ತದೆ. ಗುಳಿಗೆ ಬಿಟ್ಟರೆ ಮತ್ತೆ ಏಳುತ್ತದೆ.

ನಾನು ಹೇಳುವ ಮಾತುಗಳಲ್ಲಿ ಜನ ಎಲ್ಲಕ್ಕಿಂತ ಕಡಿಮೆ ನಂಬುವುದು ಇದನ್ನು: ವೈರಸ್ ಹಾಗೆ ಪರೀಕ್ಷೆಗೆ ಸಿಗದ ಮಟ್ಟದಲ್ಲೇ ಉಳಿದಿರುವವರಿಂದ ಸಂಗಾತಿಗೆ ದೈಹಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ. ಯುರೋಪಿನ ಹಲವು ದೇಶಗಳಲ್ಲಿ, ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಗಾತಿಯಿಂದ ಸೋಂಕು ದಾಟಿದ್ದು ಒಂದೂ ಇರಲಿಲ್ಲ. ಕಾಂಡೋಮ್ ಬಳಸದ ಜೋಡಿಗಳವು.

1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಮಾಡಿದಾಗ ಇದ್ಯಾವುದೂ ಇರಲಿಲ್ಲ. ಆಮೇಲೆ ಔಷಧಿ ಬಂತು, ಆದರೆ ಬೆಲೆ ಕೇಳಿದರೆ ಎದೆ ಒಡೆಯಬೇಕು. 2001ರಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದು ಮುಂದೆ ಬಂದ ಮೇಲೆ ಲೆಕ್ಕವೇ ಬದಲಾಯಿತು. ನಮ್ಮ ಸರ್ಕಾರ ಪುಕ್ಕಟೆ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಆಗ ಸಿಡಿ4 ಎಣಿಕೆ ಇಷ್ಟು ಇಳಿಯಲಿ ಎಂದು ಕಾಯಿಸುತ್ತಿದ್ದರು. 2017ರಿಂದ ಆ ಕಾಯುವಿಕೆ ಇಲ್ಲ, ಸೋಂಕು ಖಚಿತವಾದರೆ ಎಣಿಕೆ ಎಷ್ಟಿದ್ದರೂ ಗುಳಿಗೆ.

ಹಾಗಿದ್ದರೂ ಜನ ಸಾಯುತ್ತಾರೆ, ಏಕೆಂದರೆ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಟಿಬಿ ಹತ್ತಿರುತ್ತದೆ. ತಡವೇಕೆ ಎಂದು ಕೇಳಿದರೆ ಉತ್ತರ ಮತ್ತೆ ಅದೇ: ಯಾರಾದರೂ ನೋಡಿದರೆ?

ನೋಡುವವರು ಸುಮ್ಮನಿರುವುದಿಲ್ಲ ಎಂಬುದೂ ನಿಜವೇ. ಹೆರಿಗೆಗೆ ಹೋದವಳ ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದು ವಾರ್ಡಿನ ಎಲ್ಲರಿಗೂ ಸಾರಿದ ಒಂದು ಖಾಸಗಿ ಆಸ್ಪತ್ರೆಯನ್ನು ನಾನು ಬಲ್ಲೆ. ಹೀಗೆ ಗುಟ್ಟು ಬಯಲು ಮಾಡುವುದು ಕಾನೂನಿಗೆ ವಿರುದ್ಧ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನೌಕರಿ ಕೊಡಲು ಪರೀಕ್ಷೆಯ ಷರತ್ತು ಹಾಕುವಂತಿಲ್ಲ, ಸೋಂಕಿದೆ ಎಂದು ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆ ಬಿಡಿಸುವಂತಿಲ್ಲ. ದೂರು ಕೇಳಲು ರಾಜ್ಯಕ್ಕೊಬ್ಬ ಒಂಬುಡ್ಸ್‌ಮನ್ ಇರಬೇಕೆಂದೂ ಹೇಳಿದೆ. ದೂರು ಕೊಟ್ಟರೆ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ ಎಂದು ಆ ಬಾಣಂತಿ ಕೊಡಲಿಲ್ಲ.

ಜನ ಕೇಳುವ ಪ್ರಶ್ನೆಗಳೂ ಅವೇ ಹಳೆಯವು. ಸೊಳ್ಳೆ ಕಚ್ಚಿದರೆ? ಬರುವುದಿಲ್ಲ. ಮಲೇರಿಯಾದ ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತದೆ, ಇದು ಬೆಳೆಯುವುದಿಲ್ಲ. ಅಲ್ಲದೆ ಸೊಳ್ಳೆ ಚುಚ್ಚುವಾಗ ಬಿಡುವುದು ತನ್ನ ಜೊಲ್ಲನ್ನು, ಹಿಂದಿನವರಿಂದ ಹೀರಿದ ರಕ್ತವನ್ನಲ್ಲ. ಒಂದೇ ತಾಟಿನಲ್ಲಿ ಉಂಡರೆ, ಕೂಸಿಗೆ ಮುತ್ತು ಕೊಟ್ಟರೆ? ಧಾರಾಳವಾಗಿ ಕೊಡಿ.

ನಮ್ಮ ಕಡೆ ಹೆಂಗಸರಿಗೆ ಸೋಂಕು ಗೊತ್ತಾಗುವುದು ಹೆಚ್ಚಾಗಿ ಬಸುರಿಯಾದಾಗ. ತಾಯಿ ಕಾರ್ಡ್ ಮಾಡಿಸುವಾಗ ರಕ್ತ ಕೊಡುತ್ತಾಳೆ. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿಯೇ ನಾವು ಪಾಸಿಟಿವ್ ಅನ್ನುವುದು. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಕೂಸುಗಳಿಗೆ ಸೋಂಕು ದಾಟಬಹುದು. ತಾಯಿ ಗುಳಿಗೆ ತೆಗೆದುಕೊಂಡು, ಹುಟ್ಟಿದ ಕೂಸಿಗೂ ಸಿರಪ್ ಹಾಕಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಆರು ವಾರಕ್ಕೆ ಕೂಸಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ಗುಂಡಗೆ ಗೆರೆ ಎಳೆದ ಜಾಗಗಳಲ್ಲಿ ಒಂದೊಂದೇ ಹನಿ ರಕ್ತ ಬೀಳಿಸಿ, ಒಣಗಿಸಿ ಲ್ಯಾಬಿಗೆ ಕಳಿಸುತ್ತೇವೆ. ಕೊನೆಯ ಪರೀಕ್ಷೆ 18 ತಿಂಗಳಿಗೆ. ಅದಕ್ಕೆ ಮುಂಚೆ ಮಾಮೂಲಿ ಪರೀಕ್ಷೆ ಮಾಡಿದರೆ ಕೂಸಿನ ರಕ್ತದಲ್ಲಿ ಉಳಿದಿರುವ ತಾಯಿಯ ಪ್ರತಿಕಾಯಗಳೇ ಪಾಸಿಟಿವ್ ತೋರಿಸಿ ಮೋಸ ಮಾಡಬಹುದು.

ಇದೆಲ್ಲ ಸರಿಯಾಗಿ ನಡೆಯುತ್ತದೆ. ಸಿಟ್ಟು ಬರುವುದು ಇನ್ನೊಂದಕ್ಕೆ. ಮೊದಲು ಪರೀಕ್ಷೆಯಾದವಳು ಅವಳು, ಆದ್ದರಿಂದ ರೋಗ ತಂದವಳೂ ಅವಳೇ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಗಂಡನನ್ನು ಕರೆದರೆ ಬೆಳೆ ಕೊಯ್ಲಿಗಿದೆ, ಲಾರಿ ಲೋಡಾಗಿದೆ, ಗೋವೆಯಲ್ಲಿ ಕೆಲಸವಿದೆ. ಅತ್ತೆ ಮಾತ್ರ ತಪ್ಪದೆ ಬಂದು ಜಗಳ ಆಡುತ್ತಾಳೆ. ರಕ್ತ ಪರೀಕ್ಷೆ ಹೇಳುವುದು ಸೋಂಕಿದೆಯೋ ಇಲ್ಲವೋ ಎಂಬುದನ್ನಷ್ಟೇ. ಯಾರಿಂದ ಯಾರಿಗೆ ಬಂತು ಎಂಬುದು ಯಾವ ಕಿಟ್‌ನಲ್ಲೂ ಬರೆದಿರುವುದಿಲ್ಲ.

ಗಂಡಸರು ತಾವಾಗಿ ಬಂದರೆ ಬಾಗಿಲಲ್ಲೇ ನಿಂತು, “ನಮ್ ಗೆಳೆಯಾಗ ಒಂದ್ ಡೌಟ್ ಐತ್ರಿ ಮೇಡಂ,” ಅನ್ನುತ್ತಾರೆ. ಗೆಳೆಯನನ್ನು ಕರೆದುಕೊಂಡು ಬನ್ನಿ ಎಂದು ನಾನು ಹೇಳುವುದಿಲ್ಲ. ಕೂರಿಸಿ, ಗೆಳೆಯನಿಗೆ ಹೇಳಬೇಕಾದದ್ದನ್ನೆಲ್ಲ ಇವರಿಗೇ ಹೇಳುತ್ತೇನೆ: ಸೋಂಕು ತಗುಲಿ ಕೆಲವು ವಾರ ಪರೀಕ್ಷೆಗೆ ಸಿಗದೆ ಇರಬಹುದು, ಹಾಗಾಗಿ ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಲಿ, ದುಡ್ಡಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಇಲ್ಲಿಗೆ ಬರಲು ಮುಜುಗರವಾದರೆ 1097ಕ್ಕೆ ಫೋನ್ ಮಾಡಲಿ, ಅದೂ ಪುಕ್ಕಟೆ. ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಕೆಲವರು ಅದನ್ನು ಮಡಚಿ ಜೇಬಿಗಿಟ್ಟು, ಹಾಗೇ ಲ್ಯಾಬಿನ ಸಾಲಿಗೆ ಹೋಗಿ ನಿಲ್ಲುತ್ತಾರೆ.