ಆನ್‌ಲೈನ್ ಮಾರಾಟಗಾರರ ಗೋದಾಮು ಹಾಗೂ ದಾಸ್ತಾನು ಲೆಕ್ಕ: ತಂತ್ರಾಂಶ ಅಳವಡಿಕೆಯ ಬಗ್ಗೆ ಮಾಹಿತಿ

ಅಂತರಜಾಲದ ಮೂಲಕ ಸರಕುಗಳನ್ನು ಮಾರಾಟ ಮಾಡುವ ವರ್ತಕರು ತಮ್ಮ ಗೋದಾಮಿನ ದಾಸ್ತಾನು ಲೆಕ್ಕವನ್ನು ಗಣಕ ತಂತ್ರಾಂಶದಲ್ಲಿ ಇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ತಂತ್ರಾಂಶವು ತೋರಿಸುವ ಸಂಖ್ಯೆ, ಗೋದಾಮಿನಲ್ಲಿ ಭೌತಿಕವಾಗಿ ಇರುವ ಸರಕು ಹಾಗೂ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುವ ಸ್ಥಳ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಇದಕ್ಕೆ ಅನುಸರಿಸಬೇಕಾದ ಕ್ರಮಗಳನ್ನು ವರ್ತಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ಅಗತ್ಯ

ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಪ್ರಕರಣ 35ರ ಪ್ರಕಾರ ನೋಂದಾಯಿತ ವ್ಯಕ್ತಿಯು ಸರಕುಗಳ ದಾಸ್ತಾನು ಲೆಕ್ಕವನ್ನು ಇರಿಸತಕ್ಕದ್ದು. ಒಂದಕ್ಕಿಂತ ಹೆಚ್ಚು ವ್ಯವಹಾರ ಸ್ಥಳಗಳಿದ್ದಲ್ಲಿ ಪ್ರತಿಯೊಂದು ಸ್ಥಳದ ಲೆಕ್ಕವೂ ಪ್ರತ್ಯೇಕವಾಗಿರಬೇಕು. ನಿಯಮ 56ರಂತೆ ಆರಂಭಿಕ ಶಿಲ್ಕು, ಒಳಬಂದ ಸರಕು, ಹೊರಹೋದ ಸರಕು ಹಾಗೂ ಉಳಿಕೆ ಶಿಲ್ಕನ್ನು ತೋರಿಸಬೇಕು. ಕಳೆದುಹೋದ, ಕಳುವಾದ, ನಾಶವಾದ ಮತ್ತು ಉಚಿತ ಮಾದರಿಯಾಗಿ ನೀಡಿದ ಸರಕನ್ನೂ ಲೆಕ್ಕದಲ್ಲಿ ಕಾಣಿಸಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ದಾಸ್ತಾನು ವಿವರಗಳಿಂದ ವಿನಾಯಿತಿ ಇದೆ.

ಲೆಕ್ಕಕ್ಕೆ ಸಿಗದ ಸರಕನ್ನು ಪೂರೈಕೆ ಮಾಡಲಾಗಿದೆ ಎಂದೇ ಪರಿಗಣಿಸಿ ಅದರ ಮೇಲಿನ ತೆರಿಗೆಯನ್ನು ನಿರ್ಧರಿಸಲು ಪ್ರಕರಣ 35(6)ರಲ್ಲಿ ಅಧಿಕಾರಿಗೆ ಅಧಿಕಾರವಿದೆ. ಆದ್ದರಿಂದ ಹರಿದ ಪೊಟ್ಟಣವನ್ನು ನಮೂದಿಸದೆ ಎಸೆದರೂ, ಮಾರದೇ ಇರುವ ಸರಕಿಗೆ ತೆರಿಗೆ ಕಟ್ಟಬೇಕಾದ ಪ್ರಸಂಗ ಬರಬಹುದು.

2. ತಂತ್ರಾಂಶಕ್ಕೆ ಮೊದಲು ಮಾಡಬೇಕಾದ ಕೆಲಸ

(ಅ) ಸರಕು ಇರಿಸುವ ಎಲ್ಲ ಸ್ಥಳಗಳನ್ನು ಪಟ್ಟಿ ಮಾಡಬೇಕು. ಮನೆಯ ಕೊಠಡಿ, ಬಾಡಿಗೆ ಗೋದಾಮು, ಮಾರಾಟ ತಾಣದ ಸಂಸ್ಥೆ ನಡೆಸುವ ಗೋದಾಮು ಇವೆಲ್ಲವೂ ಇದರಲ್ಲಿ ಸೇರುತ್ತವೆ. ನೋಂದಣಿಯಲ್ಲಿ ಇಲ್ಲದ ಸ್ಥಳವನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಿಕೊಳ್ಳಬೇಕು.

(ಆ) ಪ್ರತಿ ಸರಕಿಗೆ ಒಂದೇ ಸಂಕೇತ ನೀಡಬೇಕು. 250 ಗ್ರಾಂ ಮತ್ತು 500 ಗ್ರಾಂ ಪೊಟ್ಟಣಗಳು ಬೇರೆ ಬೇರೆ ಸರಕುಗಳೇ ಆಗುತ್ತವೆ. ಸಂಕೇತದ ಜೊತೆಯಲ್ಲಿ ಎಚ್‌ಎಸ್‌ಎನ್ ಸಂಖ್ಯೆ, ತೆರಿಗೆ ದರ ಮತ್ತು ಅಳತೆಯ ಮಾನವನ್ನು ದಾಖಲಿಸಬೇಕು.

(ಇ) ಒಂದು ದಿನ ಮಾರಾಟವನ್ನು ನಿಲ್ಲಿಸಿ ಪೂರ್ಣ ದಾಸ್ತಾನನ್ನು ಕೈಯಾರೆ ಎಣಿಸಬೇಕು. ಒಬ್ಬರು ಎಣಿಸಿದ್ದನ್ನು ಮತ್ತೊಬ್ಬರು ಪರಿಶೀಲಿಸುವುದು ಸೂಕ್ತ. ಹಳೆಯ ಪುಸ್ತಕದ ಅಂದಾಜು ಸಂಖ್ಯೆಯನ್ನು ಆರಂಭಿಕ ಶಿಲ್ಕು ಎಂದು ನಮೂದಿಸಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

3. ತಂತ್ರಾಂಶದಲ್ಲಿ ಇರಬೇಕಾದ ಸೌಲಭ್ಯಗಳು

ಇಲಾಖೆಯು ಯಾವುದೇ ನಿರ್ದಿಷ್ಟ ತಂತ್ರಾಂಶವನ್ನು ಶಿಫಾರಸು ಮಾಡುವುದಿಲ್ಲ. ಆಯ್ಕೆ ಮಾಡುವಾಗ ಈ ಅಂಶಗಳನ್ನು ಗಮನಿಸುವುದು:

- ಪ್ರತಿ ಗೋದಾಮಿಗೂ ಪ್ರತ್ಯೇಕ ಶಿಲ್ಕು ಮತ್ತು ಕಪಾಟಿನ ಸಂಖ್ಯೆ ನಮೂದಿಸುವ ಅವಕಾಶ.
- ಗೋದಾಮಿನಲ್ಲಿರುವ ಸರಕು, ಆರ್ಡರ್ ಬಂದು ಕಾಯ್ದಿರಿಸಿದ ಸರಕು ಹಾಗೂ ಮಾರಾಟಕ್ಕೆ ಲಭ್ಯವಿರುವ ಸರಕನ್ನು ಬೇರೆ ಬೇರೆಯಾಗಿ ತೋರಿಸುವುದು. ಒಂದೇ ದಾಸ್ತಾನನ್ನು ಎರಡು ತಾಣಗಳಲ್ಲಿ ಮಾರುವವರಿಗೆ ಇದು ಅವಶ್ಯ. ಇಲ್ಲವಾದಲ್ಲಿ ಒಂದೇ ಪೊಟ್ಟಣಕ್ಕೆ ಇಬ್ಬರಿಂದ ಹಣ ಪಡೆದಂತಾಗುತ್ತದೆ.
- ಶಿಲ್ಕು ಸೊನ್ನೆಗಿಂತ ಕೆಳಗೆ ಹೋಗದಂತೆ ತಡೆಯುವುದು.
- ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಉಳಿಯುವುದು. ಇದು ನಿಯಮ 56(8)ರಂತೆ ಕಡ್ಡಾಯ. ಈ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದು.
- ತಯಾರಿಕಾ ತಂಡದ ಸಂಖ್ಯೆ ಮತ್ತು ಬಳಕೆಯ ಅವಧಿಯನ್ನು ನಮೂದಿಸಿ, ಮೊದಲು ಅವಧಿ ಮುಗಿಯುವ ಸರಕನ್ನು ಮೊದಲು ಹೊರಕಳುಹಿಸುವ ವ್ಯವಸ್ಥೆ.

4. ಒಂದು ಉದಾಹರಣೆ

ಚಿಕ್ಕಮಗಳೂರಿನ ವರ್ತಕರೊಬ್ಬರಲ್ಲಿ 250 ಗ್ರಾಂ ಕಾಫಿಪುಡಿಯ 400 ಪೊಟ್ಟಣಗಳಿವೆ ಎಂದು ಭಾವಿಸೋಣ. ಅವರು 150 ಪೊಟ್ಟಣಗಳನ್ನು ಬೆಂಗಳೂರಿನಲ್ಲಿರುವ ಮಾರಾಟ ತಾಣದ ಗೋದಾಮಿಗೆ ಕಳುಹಿಸುತ್ತಾರೆ. ಅಲ್ಲಿಂದ 90 ಮಾರಾಟವಾಗುತ್ತವೆ. ಗ್ರಾಹಕರಿಂದ 8 ವಾಪಸು ಬರುತ್ತವೆ. ಅವುಗಳಲ್ಲಿ 5 ಸುಸ್ಥಿತಿಯಲ್ಲಿದ್ದು, 3 ಹರಿದಿವೆ.

ಈಗ ಚಿಕ್ಕಮಗಳೂರಿನಲ್ಲಿ 250, ಬೆಂಗಳೂರಿನಲ್ಲಿ ಮಾರಾಟಯೋಗ್ಯ 65 ಹಾಗೂ ಮಾರಾಟಕ್ಕೆ ಅಯೋಗ್ಯವಾದ 3, ಒಟ್ಟು 318 ಇರಬೇಕು. ಹರಿದ 3 ಪೊಟ್ಟಣಗಳನ್ನು ತಂತ್ರಾಂಶದಲ್ಲಿ ಪ್ರತ್ಯೇಕ ಸ್ಥಳಕ್ಕೆ ವರ್ಗಾಯಿಸಿ, ನಾಶಪಡಿಸಿದ ದಿನ ಕಾರಣ ಸಹಿತ ನಮೂದಿಸಬೇಕು. ನಾಶವಾದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ ಪ್ರಕರಣ 17(5)ರಂತೆ ದೊರೆಯುವುದಿಲ್ಲ; ಪಡೆದಿದ್ದಲ್ಲಿ ಹಿಂದಿರುಗಿಸಬೇಕು.

ಒಂದೇ ನೋಂದಣಿಯಡಿ ರಾಜ್ಯದೊಳಗಿನ ಗೋದಾಮಿಗೆ ಸರಕು ಸಾಗಿಸಲು ತೆರಿಗೆ ಇರುವುದಿಲ್ಲ, ಆದರೆ ಡೆಲಿವರಿ ಚಲನ್ ಅಗತ್ಯ. ಸರಕಿನ ಮೌಲ್ಯ ರೂ. 50,000 ಮೀರಿದಲ್ಲಿ ಇ-ವೇ ಬಿಲ್ ಸಹ ಬೇಕು. ಹೊರರಾಜ್ಯದ ಗೋದಾಮಿನಲ್ಲಿ ಇರಿಸಿ ಮಾರುವುದಾದರೆ ಆ ರಾಜ್ಯದಲ್ಲಿ ಪ್ರತ್ಯೇಕ ನೋಂದಣಿ ಪಡೆಯಬೇಕು. ಅಲ್ಲಿಗೆ ಸರಕು ಕಳುಹಿಸುವುದೇ ತೆರಿಗೆಗೆ ಒಳಪಡುವ ಪೂರೈಕೆಯಾಗುತ್ತದೆ.

ಸರಕು ಮುಗಿಯುವ ಮುನ್ನ ತರಿಸಿಕೊಳ್ಳುವ ಮಟ್ಟವನ್ನೂ ತಂತ್ರಾಂಶದಲ್ಲಿ ನಿಗದಿಪಡಿಸಬಹುದು. ದಿನಕ್ಕೆ 6 ಪೊಟ್ಟಣ ಮಾರಾಟವಾಗಿ, ಹೊಸ ಸರಕು ಬರಲು 10 ದಿನ ಬೇಕಾಗಿ, 20 ಪೊಟ್ಟಣಗಳನ್ನು ಮೀಸಲಿಡುವುದಾದರೆ, ಶಿಲ್ಕು 80ಕ್ಕೆ ಇಳಿದಾಗ ಹೊಸ ಬೇಡಿಕೆ ಸಲ್ಲಿಸಬೇಕು.

5. ನಿಯತಕಾಲಿಕ ತಾಳೆ

ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವುದರ ಜೊತೆಗೆ, ವಾರಕ್ಕೆ ಕೆಲವು ಕಪಾಟುಗಳಂತೆ ಸರದಿಯ ಮೇಲೆ ಎಣಿಸುವುದು ಉತ್ತಮ. ಮಾರಾಟ ತಾಣದವರು ನೀಡುವ ದಾಸ್ತಾನು ವರದಿಯನ್ನು ತಿಂಗಳಿಗೊಮ್ಮೆ ತಮ್ಮ ಲೆಕ್ಕದೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸ ಕಂಡುಬಂದಲ್ಲಿ ಸಂಖ್ಯೆಯನ್ನು ಸುಮ್ಮನೆ ಸರಿಹೊಂದಿಸದೆ, ಕಾರಣವನ್ನು ಪತ್ತೆಹಚ್ಚಿ ಹೊಂದಾಣಿಕೆ ನಮೂದಿನಲ್ಲಿ ಬರೆಯಬೇಕು.

6. ದಾಖಲೆಗಳ ಸಂರಕ್ಷಣೆ

ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಿ ಸಲ್ಲಿಸಲು ನಿಗದಿಯಾದ ಕೊನೆಯ ದಿನದಿಂದ 72 ತಿಂಗಳವರೆಗೆ ಸಂರಕ್ಷಿಸಬೇಕು. 2023-24ನೇ ಸಾಲಿನ ವಿವರಣಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿದ್ದರಿಂದ, ಆ ಸಾಲಿನ ದಾಖಲೆಗಳು 2030ರ ಡಿಸೆಂಬರ್ 31ರವರೆಗೆ ಇರಬೇಕು. ಮಾಸಿಕ ಶುಲ್ಕದ ತಂತ್ರಾಂಶವನ್ನು ಬಳಸುವವರು ಶುಲ್ಕ ನಿಲ್ಲಿಸುವ ಅಥವಾ ತಂತ್ರಾಂಶ ಬದಲಿಸುವ ಮುನ್ನ, ಬದಲಾವಣೆಗಳ ದಾಖಲೆ ಸಹಿತ ಎಲ್ಲ ಮಾಹಿತಿಯ ಪ್ರತಿಯನ್ನು ಪಡೆದುಕೊಳ್ಳಬೇಕು. ಅಧಿಕಾರಿಗಳು ಕೇಳಿದಾಗ ಕಡತಗಳ ಪಾಸ್‌ವರ್ಡ್ ಮತ್ತು ಸಂಕೇತಗಳ ವಿವರಣೆಯನ್ನು ಒದಗಿಸಬೇಕು.

7. ಗೋದಾಮು ಸೇರ್ಪಡೆಗೆ ಅರ್ಜಿ

ಬದಲಾವಣೆಯಾದ 15 ದಿನಗಳೊಳಗೆ ಜಿಎಸ್‌ಟಿ ಜಾಲತಾಣದಲ್ಲಿ ನಮೂನೆ ಜಿಎಸ್‌ಟಿ ಆರ್‌ಇಜಿ-14ರಲ್ಲಿ ಅರ್ಜಿ ಸಲ್ಲಿಸಬೇಕು. ಸ್ವಂತ ಸ್ಥಳವಾದರೆ ಮಾಲೀಕತ್ವದ ದಾಖಲೆ, ಬಾಡಿಗೆಯದಾದರೆ ಕರಾರು ಪತ್ರ, ಇತರರ ಗೋದಾಮಾದರೆ ಒಪ್ಪಿಗೆ ಪತ್ರ ಹಾಗೂ ಆ ಸ್ಥಳದ ಮಾಲೀಕತ್ವದ ದಾಖಲೆಯನ್ನು ಲಗತ್ತಿಸಬೇಕು. ಕ್ರಮಬದ್ಧ ಅರ್ಜಿಯನ್ನು ಪರಿಶೀಲನೆಯ ನಂತರ 15 ಕೆಲಸದ ದಿನಗಳಲ್ಲಿ ಅನುಮೋದಿಸಲಾಗುವುದು. ಈ ಅರ್ಜಿಗೆ ಯಾವುದೇ ಸರ್ಕಾರಿ ಶುಲ್ಕ ಇರುವುದಿಲ್ಲ. ಅನುಮೋದನೆ ದೊರೆತ ನಂತರವೇ ಆ ಗೋದಾಮನ್ನು ತಂತ್ರಾಂಶದಲ್ಲಿ ಸೇರಿಸಿ ಸರಕು ಇರಿಸುವುದು ಸುರಕ್ಷಿತ ಕ್ರಮವಾಗಿದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ತೆರಿಗೆ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.