ರಜಾಕಾಲದ ಸಂಪಾದನೆ: ಕಾಫಿ ಕೊಯ್ಲಿನ ನಿದರ್ಶನ

ರಜೆಯಲ್ಲಿ ನಾಲ್ಕು ಕಾಸು ಸಂಪಾದಿಸಬಯಸುವ ವಿದ್ಯಾರ್ಥಿಯು ಕೂಲಿಯ ದರಕ್ಕಿಂತ ಮೊದಲು ಬೆಳೆಯ ಪಂಚಾಂಗವನ್ನು ನೋಡತಕ್ಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೂ, ರೊಬಸ್ಟಾ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೂ ನಡೆಯುವುದು. ಏಪ್ರಿಲ್-ಮೇ ತಿಂಗಳ ದೀರ್ಘ ರಜೆಯನ್ನು ನೆಚ್ಚಿದವನಿಗೆ ಅಲ್ಲಿ ಕೊಯ್ಯಲು ಹಣ್ಣಿಲ್ಲ. ಡಿಸೆಂಬರಿನ ಬಿಡುವೋ ಕೆಲವೇ ದಿನಗಳದ್ದು.

ಹಣ್ಣೆಲ್ಲವೂ ಒಮ್ಮೆಗೇ ಮಾಗುವುದಿಲ್ಲವಾದುದರಿಂದ, ಕೆಂಪಾದುದನ್ನಷ್ಟೇ ಆರಿಸಿ, ಹಸಿರುಕಾಯನ್ನು ಉಳಿಸಿ, ಅದೇ ಗಿಡಕ್ಕೆ ಹಲವು ಸಲ ಮರಳಬೇಕು. ಅನೇಕ ತೋಟಗಳಲ್ಲಿ ಕೂಲಿಯನ್ನು ಕೊಯ್ದ ಹಣ್ಣಿನ ತೂಕದ ಮೇಲೆ ಎಣಿಸುವರು. ನುರಿತವರಿಗೆ ಇದು ಲಾಭಕರ. ಹೊಸಬನಿಗಾದರೋ ಕೈ ಪಳಗುವಷ್ಟರಲ್ಲಿ ರಜೆಯೇ ತೀರಬಹುದು.

ಇಲ್ಲಿ ಕಾನೂನಿನ ಆಸರೆಯೊಂದುಂಟು. ತೂಕದ ಲೆಕ್ಕದ ಕೆಲಸಕ್ಕೆ ಪ್ರತ್ಯೇಕವಾದ ಕನಿಷ್ಠ ದರವಿಲ್ಲದೆ, ದಿನಗೂಲಿಯ ಕನಿಷ್ಠ ದರವನ್ನಷ್ಟೇ ಗೊತ್ತುಪಡಿಸಿರುವಲ್ಲಿ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯಲ್ಲಿದ್ದ ಈ ನಿಯಮವು, 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ಆ ದರವೆಷ್ಟೆಂಬುದನ್ನು ಬೆಳಿಗ್ಗೆ ಗಿಡಕ್ಕೆ ಕೈಹಾಕುವ ಮುನ್ನವೇ ಕೇಳಿ ತಿಳಿಯಬೇಕು. ಸಂಜೆ ತಕ್ಕಡಿಯ ಮುಂದೆ ವಾದಿಸುವುದು ಹೊಸಬನಿಗೆ ಸುಲಭವಲ್ಲ.